ರಜೆ ದಿನದ ಕೆಮಿಸ್ಟ್‌ಗಳಿಗೆ: ಬೀದಿಯ ಬೋರ್‌ವೆಲ್ ನೀರು ಪರೀಕ್ಷೆ ಮಾಡೋದು ಹೇಗೆ?

ಬೆಂಗಳೂರಿನಲ್ಲಿ ಕೆಮಿಸ್ಟ್ರಿ ಓದಿದವರಿಗೆ ಬರವಿಲ್ಲ. ಪೀಣ್ಯ, ಜಿಗಣಿ, ಬೊಮ್ಮಸಂದ್ರದ ಔಷಧ ಕಂಪನಿಗಳ ಕ್ಯೂಸಿ (ಗುಣಮಟ್ಟ ಪರೀಕ್ಷೆ) ಲ್ಯಾಬ್‌ಗಳಲ್ಲೇ ಎಷ್ಟು ಜನ ಇದ್ದೀವಿ! ನಾನು ವಾರವಿಡೀ ಮಾತ್ರೆ ಪರೀಕ್ಷೆ ಮಾಡುತ್ತೇನೆ, ರಜೆ ಸಿಕ್ಕಾಗ ಲಗ್ಗೆರೆ, ಹೆಗ್ಗನಹಳ್ಳಿ ಕಡೆಯ ಬೋರ್‌ವೆಲ್ ನೀರು. "ನಾವೂ ಬರ್ತೀವಿ, ಏನೇನು ತರಬೇಕು?" ಎಂದು ಕೇಳುವ ಗೆಳೆಯರಿಗೆ ಇದನ್ನು ಬರೆದಿದ್ದೇನೆ.

ಮೊದಲು ಟಿಡಿಎಸ್ ಪೆನ್ನಿನ ಮೋಹ ಬಿಡಿ. ನೀರಿನಲ್ಲಿ ಕರಗಿದ ಲವಣ ಎಷ್ಟಿದೆ ಎಂದು ಅದು ಅಂದಾಜು ಹೇಳುತ್ತದೆ, ಅಷ್ಟೇ. ಫ್ಲೋರೈಡ್ ಆಗಲಿ, ಮಲದ ಬ್ಯಾಕ್ಟೀರಿಯಾ ಆಗಲಿ ಅದಕ್ಕೆ ಕಾಣುವುದಿಲ್ಲ. ಆರ್‌ಒ ಮಾರುವವರು ಎರಡು ಲೋಹದ ಕಡ್ಡಿ ಮುಳುಗಿಸಿ ನಲ್ಲಿ ನೀರನ್ನು ಕಂದು ಮಾಡಿ ತೋರಿಸುತ್ತಾರಲ್ವಾ? ಆ ಕಂದು ಬಣ್ಣ ಕರಗಿದ ಕಬ್ಬಿಣದ ಕಡ್ಡಿಯದು. ಅವರ ಆರ್‌ಒ ನೀರಿಗೇ ಚಿಟಿಕೆ ಉಪ್ಪು ಹಾಕಿ ಮತ್ತೆ ಮಾಡಲು ಹೇಳಿ, ಅದೂ ಕಂದಾಗುತ್ತದೆ. ಬೀದಿಯಲ್ಲಿ ಇದನ್ನೊಮ್ಮೆ ಮಾಡಿ ತೋರಿಸಿದರೆ ಮುಂದೆ ನಿಮ್ಮ ಮಾತಿಗೆ ಬೆಲೆ ಬರುತ್ತದೆ.

ಎಲ್ಲವನ್ನೂ ಅಳೆಯಲು ಹೋಗಬೇಡಿ. ನೈಟ್ರೇಟ್, ಫ್ಲೋರೈಡ್, ಮಲದ ಬ್ಯಾಕ್ಟೀರಿಯಾ ಸಾಕು. ಪೀಣ್ಯದ ಸುತ್ತಮುತ್ತ ಆದರೆ ಕ್ರೋಮಿಯಂ ಕೂಡ ಸೇರಿಸಿ, ಅಲ್ಲಿ ಲೋಹಕ್ಕೆ ಕ್ರೋಮಿಯಂ ಲೇಪಿಸುವ ಪ್ಲೇಟಿಂಗ್ ಘಟಕಗಳಿವೆ. ಡೈಫಿನೈಲ್‌ಕಾರ್ಬಜೈಡ್ ಎಂಬ ರಾಸಾಯನಿಕ ಹಾಕಿ ನೇರಳೆ ಬಣ್ಣ ಬಂದರೆ ಕ್ರೋಮಿಯಂ ಇದೆ ಎಂದರ್ಥ, ನೀರು ನೇರವಾಗಿ ಲ್ಯಾಬಿಗೆ.

ಕೆಲಸ ಕೆಡುವುದು ಹೆಚ್ಚಾಗಿ ಬಾಟಲಿ ತುಂಬುವಾಗಲೇ. ಪೈಪಿನಲ್ಲಿ ನಿಂತ ನೀರು ಬೇಡ, ಮೋಟಾರ್ ಹಾಕಿ ಐದು ಹತ್ತು ನಿಮಿಷ ಹರಿಯಲು ಬಿಡಿ. ಓವರ್‌ಹೆಡ್ ಟ್ಯಾಂಕಿನ ನಲ್ಲಿಯಿಂದ ಹಿಡಿದರೆ ನೀವು ಪರೀಕ್ಷೆ ಮಾಡುತ್ತಿರುವುದು ಟ್ಯಾಂಕನ್ನು, ಬೋರ್‌ವೆಲ್ಲನ್ನಲ್ಲ. ಫ್ಲೋರೈಡ್‌ಗೆ ಪ್ಲಾಸ್ಟಿಕ್ ಬಾಟಲಿಯೇ ಆಗಬೇಕು, ಗಾಜು ಬೇಡ. ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ. ಬ್ಯಾಕ್ಟೀರಿಯಾ ಬಾಟಲಿಯದು ತದ್ವಿರುದ್ಧ: ಸ್ಟೆರೈಲ್ ಬಾಟಲಿಯನ್ನು ತೊಳೆಯಲೇಬಾರದು, ಮುಚ್ಚಳದ ಒಳಗೆ ಬೆರಳು ತಾಗಬಾರದು. ಕಾವೇರಿ ನೀರು ಬೆರೆತಿದ್ದರೆ ಕ್ಲೋರಿನ್ ಇರುತ್ತದೆ. ಆ ಬಾಟಲಿಗೆ ಮೊದಲೇ ಕ್ಲೋರಿನ್ ಕಳೆಯುವ ಸೋಡಿಯಂ ಥಯೋಸಲ್ಫೇಟ್ ಹಾಕಿರಬೇಕು. ಇಲ್ಲದಿದ್ದರೆ ದಾರಿಯಲ್ಲೇ ಬ್ಯಾಕ್ಟೀರಿಯಾ ಸತ್ತು "ನೀರು ಚೆನ್ನಾಗಿದೆ" ಎಂಬ ಸುಳ್ಳು ಫಲಿತಾಂಶ ಬರುತ್ತದೆ. ಲೇಬಲ್ ಬರೆಯುವುದು ತುಂಬುವ ಮೊದಲು. ಒದ್ದೆ ಬಾಟಲಿ ಮೇಲೆ ಯಾವ ಪೆನ್ನೂ ಓಡುವುದಿಲ್ಲ.

ಬಣ್ಣ ನೋಡಿ ಅಳೆಯುವ ಕಿಟ್‌ನ ಪೆಟ್ಟಿಗೆ ಮೇಲೆ ಬರೆದದ್ದನ್ನು ಸುಮ್ನೆ ನಂಬಬೇಡಿ. ನಿಮ್ಮದೇ ಸ್ಟಾಂಡರ್ಡ್ (ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣ) ಒಯ್ಯಿರಿ. 221 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ಒಂದು ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದರೆ ಲೀಟರಿಗೆ 100 ಮಿಲಿಗ್ರಾಂ ಫ್ಲೋರೈಡ್. ಅದರಲ್ಲಿ 10 ಮಿಲಿಲೀಟರ್ ತೆಗೆದು, ಡಿಸ್ಟಿಲ್ಡ್ ನೀರು ಸೇರಿಸಿ ಮತ್ತೆ ಒಂದು ಲೀಟರ್ ಮಾಡಿ. ಈಗ ಸಿಕ್ಕಿದ್ದು ಲೀಟರಿಗೆ ಸರಿಯಾಗಿ 1 ಮಿಲಿಗ್ರಾಂ, ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಒಪ್ಪುವ ಮಟ್ಟ. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ವಿನಾಯಿತಿ ಇದೆ. ಈ ಸ್ಟಾಂಡರ್ಡನ್ನೇ ಕಿಟ್ 2 ಎಂದು ತೋರಿಸಿದರೆ ಅವತ್ತಿನ ಕೆಲಸ ಅಲ್ಲಿಗೇ ನಿಲ್ಲಿಸಿ.

ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಇಲ್ಲೊಂದು ಗುಂಡಿ ಇದೆ: ಕೆಲವು ಕಿಟ್‌ಗಳು ನೈಟ್ರೇಟ್ ಬದಲು ಅದರೊಳಗಿನ ನೈಟ್ರೋಜನ್ ಲೆಕ್ಕ ಕೊಡುತ್ತವೆ. ಅದನ್ನು 4.43ರಿಂದ ಗುಣಿಸಬೇಕು. ಕಿಟ್ 20 ಎಂದರೆ ನಿಜದಲ್ಲಿ ಸುಮಾರು 89, ಮಿತಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು!

ಬ್ಯಾಕ್ಟೀರಿಯಾಕ್ಕೆ ಎಚ್2ಎಸ್ ವಯಲ್ (ಹೈಡ್ರೋಜನ್ ಸಲ್ಫೈಡ್ ಪತ್ತೆ ಮಾಡುವ ಚಿಕ್ಕ ಬಾಟಲಿ) ಸಾಕು. 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದವರು ಪ್ರಕಟಿಸಿದ ವಿಧಾನ ಇದು. ನೀರು ತುಂಬಿ ಬೆಚ್ಚಗಿಟ್ಟರೆ, ಮಲದ ಬ್ಯಾಕ್ಟೀರಿಯಾ ಇದ್ದಲ್ಲಿ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ತಡವಾಗಬಹುದು, ಕಾಯಿರಿ. ಕಪ್ಪಾದ ವಯಲ್‌ಗೆ ಬ್ಲೀಚ್ ಸುರಿದ ಮೇಲೆಯೇ ಎಸೆಯಿರಿ.

ಇನ್ನು ಫಲಿತಾಂಶ. ಬಾಂಗ್ಲಾದೇಶದಲ್ಲಿ ಆರ್ಸೆನಿಕ್ ಜಾಸ್ತಿ ಇರುವ ಕೈಪಂಪಿಗೆ ಕೆಂಪು, ಕಡಿಮೆ ಇರುವುದಕ್ಕೆ ಹಸಿರು ಬಳಿದರು. ನಮ್ಮ ಬೀದಿಗೆ ಎರಡೇ ಬಣ್ಣ ಸಾಲದು ಅನ್ನಿಸುತ್ತದೆ. ನೈಟ್ರೇಟ್ ಜಾಸ್ತಿ ಇರುವ ನೀರಲ್ಲಿ ಬಟ್ಟೆ ಒಗೆಯಬಹುದು, ಸ್ನಾನ ಮಾಡಬಹುದು. ಮಗುವಿನ ಹಾಲಿನ ಪುಡಿಗೆ ಮಾತ್ರ ಬೆರೆಸಲೇಬಾರದು. ಹಾಗಾಗಿ ನಾನು ಅಂಕಿ ಬರೆಯುವುದಿಲ್ಲ, ಯಾವ ಕೆಲಸಕ್ಕೆ ಆಗುತ್ತದೆ, ಯಾವುದಕ್ಕೆ ಆಗಲ್ಲ ಎಂದು ಕನ್ನಡದಲ್ಲಿ, ತಮಿಳು ಮಾತಾಡುವ ಬೀದಿಯಲ್ಲಿ ತಮಿಳಿನಲ್ಲೂ ಬರೆದು ಮೋಟಾರ್ ಪೆಟ್ಟಿಗೆ ಮೇಲೆ ಅಂಟಿಸುತ್ತೇನೆ. "ಕುದಿಸಿದರೆ ಆಯ್ತಲ್ವಾ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬ್ಯಾಕ್ಟೀರಿಯಾ ಸಾಯುತ್ತದೆ. ನೈಟ್ರೇಟ್, ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತವೆ.

ಸಂಪಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕರೆ ಬ್ಲೀಚಿಂಗ್ ಪೌಡರ್ ಎಷ್ಟು ಹಾಕಬೇಕೆಂದು ಲೆಕ್ಕ ಮಾಡಿಕೊಟ್ಟೇ ಬನ್ನಿ. 10 ಸಾವಿರ ಲೀಟರಿಗೆ, ಲೀಟರಿಗೆ 2 ಮಿಲಿಗ್ರಾಂನಂತೆ 20 ಗ್ರಾಂ ಕ್ಲೋರಿನ್ ಬೇಕು. ಬ್ಲೀಚಿಂಗ್ ಪೌಡರ್‌ನಲ್ಲಿ ಕಾಲು ಭಾಗ ಕ್ಲೋರಿನ್ ಉಳಿದಿದ್ದರೆ 80 ಗ್ರಾಂ ಪುಡಿ. ಅರ್ಧ ಗಂಟೆ ಬಿಟ್ಟು ಡಿಪಿಡಿ ಮಾತ್ರೆಯಿಂದ (ಕ್ಲೋರಿನ್ ಇದ್ದರೆ ನೀರು ಗುಲಾಬಿಯಾಗುತ್ತದೆ) ನೋಡಿ, ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು.

ಕಿಟ್‌ನ ಬಣ್ಣ ಹಿಡಿದು ದೂರು ಕೊಡಲು ಹೋಗಬೇಡಿ, ಕಚೇರಿಯಲ್ಲಿ ನಿಲ್ಲುವುದಿಲ್ಲ. ಮಿತಿ ಮೀರಿದ ನೀರನ್ನು ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೆ ಕಳಿಸಿ, ಆ ವರದಿಯನ್ನು ಬೀದಿಯವರ ಕೈಗೇ ಕೊಡಿ. ಅರ್ಜಿ ಅವರ ಹೆಸರಲ್ಲೇ ಹೋಗಲಿ. ಉಳಿದ ಆಸಿಡ್ ರೀಏಜೆಂಟನ್ನು ಅವರ ಮೋರಿಗೆ ಸುರಿಯದೆ ಮುಚ್ಚಿ ವಾಪಸ್ ತನ್ನಿ.