ಜಿಮೇಲ್ ತುಂಬಿದೆಯೇ? ಅಳಿಸುವ ಮೊದಲು ಹುಡುಕಿ

ಮೊನ್ನೆ ಚಿಕ್ಕಪ್ಪ ಫೋನ್ ಮಾಡಿದ್ದರು. "ಎರಡು ದಿನದಿಂದ ಕೂತು ಮೇಲ್ ಅಳಿಸ್ತಾ ಇದೀನಿ ಕಣೋ. ಬೆರಳು ನೋವು ಬಂತು. ಜಾಗ ತುಂಬಿದೆ ಅಂತ ತೋರಿಸೋ ಆ ಕೆಂಪು ಗೆರೆ ಕೂದಲೆಳೆಯಷ್ಟೂ ಇಳಿದಿಲ್ಲ."

ಹೋಗಿ ನೋಡಿದೆ. ಫೋನಿನಲ್ಲಿ ಒಂದೊಂದೇ ಮೇಲನ್ನು ಬೆರಳಿನಿಂದ ಪಕ್ಕಕ್ಕೆ ಸರಿಸುತ್ತಿದ್ದರು. ಮೇಲ್ ಕಣ್ಣಮುಂದಿನಿಂದ ಮಾಯವಾಗುತ್ತಿತ್ತು. ಆದರೆ ಅಳಿಯುತ್ತಿರಲಿಲ್ಲ, ಆರ್ಕೈವ್ ಆಗುತ್ತಿತ್ತು. ಆರ್ಕೈವ್ ಅಂದರೆ ಇನ್‌ಬಾಕ್ಸ್‌ನಿಂದ ಎತ್ತಿ ಅಟ್ಟಕ್ಕೆ ಹಾಕಿದ ಹಾಗೆ, ಅಷ್ಟೇ. ಸಾಮಾನು ಮನೆಯಲ್ಲೇ ಇರುತ್ತದೆ. ಎರಡು ದಿನದ ಶ್ರಮದಲ್ಲಿ ಒಂದು ಎಂಬಿಯೂ ಉಳಿದಿರಲಿಲ್ಲ.

ಇಂಥ ಎಡವಟ್ಟುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇದಕ್ಕೆ ಅರ್ಧ ಕಾರಣ ಜಿಮೇಲ್ ಹುಟ್ಟಿದ ರೀತಿಯೇ. ಗೂಗಲ್ ಆಗ ಬರೀ ಹುಡುಕಾಟದ ಕಂಪನಿ. ಅಲ್ಲಿನ ಎಂಜಿನಿಯರ್ ಪಾಲ್ ಬುಕೈಟ್ 2001ರಲ್ಲಿ ಒಂದೇ ದಿನದಲ್ಲಿ ಕಟ್ಟಿದ ಮೊದಲ ರೂಪ ಪೂರ್ತಿ ಮೇಲ್ ಸೇವೆಯೇನೂ ಆಗಿರಲಿಲ್ಲ. ಅವರು ತಮ್ಮದೇ ಮೇಲ್‌ಗಳ ರಾಶಿಯಲ್ಲಿ ಬೇಕಾದ್ದನ್ನು ಹುಡುಕಲು ಮಾಡಿಕೊಂಡ ಸಾಧನ ಅದು. 2004ರ ಏಪ್ರಿಲ್ 1ರಂದು ಜಿಮೇಲ್ ಹೊರಬಂದಾಗ ಕೊಟ್ಟ ಜಾಗ 1 ಜಿಬಿ. ಆಗ ಹಾಟ್‌ಮೇಲ್ ಉಚಿತವಾಗಿ ಕೊಡುತ್ತಿದ್ದದ್ದು 2 ಎಂಬಿ, ಯಾಹೂ 4 ಎಂಬಿ. ಲೆಕ್ಕ ಹಾಕಿ, ಹಾಟ್‌ಮೇಲ್‌ನ ಸುಮಾರು 500 ಪಟ್ಟು! ಏಪ್ರಿಲ್ ಫೂಲ್ ಅಂತ ಎಷ್ಟೋ ಜನ ನಕ್ಕುಬಿಟ್ಟರು. 'ಮೇಲ್ ವಿಂಗಡಿಸುತ್ತಾ ಕೂರಬೇಡಿ, ಹುಡುಕಿ. ಅಳಿಸುವ ಚಿಂತೆಯೂ ಬೇಡ' ಎಂಬುದೇ ಅವರ ಮಾತಾಗಿತ್ತು. ಎಷ್ಟರಮಟ್ಟಿಗೆ ಅಂದರೆ, ಮೊದಮೊದಲು ಅಳಿಸುವ ಗುಂಡಿಯೇ ಎದುರಿಗಿರಲಿಲ್ಲ. ಮೆನುವಿನೊಳಗೆ ಹೋಗಿ ಹುಡುಕಬೇಕಿತ್ತು. ಗುಂಡಿ ಬಂದದ್ದು 2006ರಲ್ಲಿ.

ಹೀಗೆ ಅಳಿಸದೇ ಇರುವುದನ್ನು ಕಲಿತವರು ನಾವು. ಈಗ 15 ಜಿಬಿ ತುಂಬಿದೆ ಅಂತ ಅದೇ ಕಂಪನಿ ದಿನಾ ಎಚ್ಚರಿಸುತ್ತದೆ. ಸುಮ್ನೆ ಬಿಟ್ಟರೆ ನಿಮಗೆ ಬರುವ ಮೇಲ್ ಕಳಿಸಿದವರಿಗೇ ವಾಪಸ್ ಹೋಗುತ್ತದೆ. ನೀವೂ ಕಳಿಸಲಾರಿರಿ. ಈ ಪೆಟ್ಟಿಗೆ ಕಟ್ಟಿದ್ದು ಹುಡುಕಾಟದವರು ತಾನೇ? ಖಾಲಿ ಮಾಡುವಾಗಲೂ ಹುಡುಕಾಟವನ್ನೇ ಹಿಡಿಯಿರಿ.

ಶುರುವಿಗೆ: ಕಂಪ್ಯೂಟರ್ ಮುಂದೆ ಕೂರಿ

ಫೋನ್ ಪಕ್ಕಕ್ಕಿಡಿ. ಈ ಕೆಲಸಕ್ಕೆ ಫೋನ್ ಬೇಡವೇ ಬೇಡ. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಜಿಮೇಲ್ ತೆರೆಯಿರಿ.

ಜಾಗ ತಿಂದವರು ಯಾರು?

15 ಜಿಬಿ ಬರೀ ಮೇಲ್‌ಗಲ್ಲ. 2013ರಿಂದ ಜಿಮೇಲ್, ಡ್ರೈವ್ (ಗೂಗಲ್‌ನಲ್ಲಿ ಫೈಲ್ ಇಡುವ ಜಾಗ), ಫೋಟೋಸ್ ಮೂರಕ್ಕೂ ಸೇರಿ ಇರುವುದು ಅಷ್ಟೇ. ಇನ್‌ಬಾಕ್ಸ್‌ನ ತೀರಾ ಕೆಳಗೆ ಎಷ್ಟು ಬಳಕೆಯಾಗಿದೆ ಎಂಬ ಸಾಲು ಇರುತ್ತದೆ. ಅದನ್ನು ಒತ್ತಿದರೆ ಮೂರರ ಲೆಕ್ಕ ಬೇರೆಬೇರೆಯಾಗಿ ಕಾಣುತ್ತದೆ. 12 ಜಿಬಿ ಫೋಟೋಗಳೇ ಇದ್ದರೆ ಮೇಲ್ ಅಳಿಸಿ ಏನು ಪ್ರಯೋಜನ? 2021ರ ಜೂನ್ 1ರವರೆಗೆ ಗಾತ್ರ ಕುಗ್ಗಿಸಿ ಹಾಕಿದ ಫೋಟೋಗಳು ಲೆಕ್ಕಕ್ಕೆ ಬರುತ್ತಿರಲಿಲ್ಲ, ಆಮೇಲೆ ಹಾಕಿದ್ದೆಲ್ಲ ಬರುತ್ತದೆ. ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಬ್ಯಾಕಪ್ ಕೂಡ ಈಗ ಇದೇ ಖಾತೆಯ ಜಾಗ ಹಿಡಿಯುತ್ತದೆ. ಮೇಲ್‌ನ ಪಾಲು ಜಾಸ್ತಿ ಇದ್ದರೆ ಮಾತ್ರ ಮುಂದಕ್ಕೆ ಓದಿ.

ಒಂದು ಟಿಕ್ ತೆಗೆಯಿರಿ

ಇದನ್ನು ಯಾರೂ ಮಾಡುವುದಿಲ್ಲ. ನಾನೂ ಮಾಡಿರಲಿಲ್ಲ, ಪೆಟ್ಟು ತಿಂದೆ.

ಜಿಮೇಲ್ ಒಂದೇ ವಿಷಯದ ಮೇಲ್‌ಗಳನ್ನೆಲ್ಲ ಒಂದೇ ಸಾಲಿನಲ್ಲಿ ಪೋಣಿಸಿಡುತ್ತದೆ. ಇದಕ್ಕೆ ಕಾನ್ವರ್ಸೇಶನ್ ವ್ಯೂ ಅಂತ ಹೆಸರು. ಓದುವಾಗ ಬಹಳ ಅನುಕೂಲ, ಅಳಿಸುವಾಗ ಅಪಾಯ. ಹಳೆಯ ಮೇಲ್ ಒಂದಕ್ಕೆ ಹೋದ ವಾರ ಯಾರೋ ಉತ್ತರ ಬರೆದಿದ್ದರೆ ಹಳತು ಹೊಸತು ಎರಡೂ ಒಂದೇ ಸಾಲಿನಲ್ಲಿರುತ್ತವೆ. ಆ ಸಾಲನ್ನು ಅಳಿಸಿದರೆ ಎರಡೂ ಹೋಗುತ್ತವೆ. ಒಮ್ಮೆ ಐದು ವರ್ಷ ಹಿಂದಿನ ಮೇಲ್‌ಗಳನ್ನೆಲ್ಲ ಒಟ್ಟಿಗೆ ಅಳಿಸಿದ್ದೆ. ಆಗಿನ್ನೂ ನಡೆಯುತ್ತಿದ್ದ ಒಂದು ಕೆಲಸದ ಪೂರ್ತಿ ಮಾತುಕತೆಯೇ ಅದರ ಜೊತೆಗೆ ಹೋಗಿತ್ತು. ಅಳಿಸಿದ್ದು ಹೋಗಿ ಬೀಳುವ ಬಿನ್ ಖಾಲಿ ಮಾಡಿರಲಿಲ್ಲ, ಬದುಕಿದೆ.

ಬಲಗಡೆ ಮೇಲೆ ಗೇರ್ ಚಿತ್ರ ಇದೆಯಲ್ಲ, ಅದನ್ನು ಒತ್ತಿ. ಪಕ್ಕದಲ್ಲಿ ತೆರೆಯುವ ಪಟ್ಟಿಯ ಕೊನೆಗೆ ಇಳಿದರೆ ಕಾನ್ವರ್ಸೇಶನ್ ವ್ಯೂ ಕಾಣುತ್ತದೆ. ಟಿಕ್ ತೆಗೆಯಿರಿ. ಪುಟ ಮತ್ತೆ ಲೋಡ್ ಆಗುತ್ತದೆ. ಈಗ ಒಂದು ಸಾಲು ಅಂದರೆ ಒಂದೇ ಮೇಲ್. ಕೆಲಸ ಮುಗಿದ ಮೇಲೆ ಬೇಕಾದರೆ ಟಿಕ್ ವಾಪಸ್ ಹಾಕಿಕೊಳ್ಳಿ.

ಹುಡುಕಾಟ: ದಪ್ಪದಿಂದ ಸಣ್ಣಕ್ಕೆ

ಜನ ಎಡವುವುದು ಹೆಚ್ಚಾಗಿ ಇಲ್ಲೇ. ಹಳೆಯ ಮೇಲ್‌ನಿಂದ ಶುರು ಮಾಡುತ್ತಾರೆ, ಇಲ್ಲವೇ ಜಾಹೀರಾತು ಮೇಲ್‌ಗಳ ಹಿಂದೆ ಬೀಳುತ್ತಾರೆ. ಎರಡೂ ದಂಡ. ಬರೀ ಅಕ್ಷರಗಳ ಜಾಹೀರಾತು ಮೇಲ್ ಒಂದು 50 ಕೆಬಿ ಇದೆ ಅಂದುಕೊಳ್ಳಿ. 20 ಎಂಬಿಯ ಒಂದೇ ಒಂದು ಮೇಲ್ ಅಂಥ 400 ಮೇಲ್‌ಗಳಿಗೆ ಸಮ. ನಾನೂರು ಸಲ ಬೆರಳಾಡಿಸುತ್ತೀರಾ, ಒಂದು ಸಲ ಒತ್ತುತ್ತೀರಾ?

ಹುಡುಕುವ ಪೆಟ್ಟಿಗೆಯ ಬಲತುದಿಯಲ್ಲಿ ಅಡ್ಡಗೆರೆಗಳ ಸಣ್ಣ ಚಿತ್ರವೊಂದಿದೆ. ವರ್ಷಗಟ್ಟಲೆ ಜಿಮೇಲ್ ಬಳಸಿಯೂ ಅದನ್ನು ಒಮ್ಮೆಯೂ ಒತ್ತದವರು ಬಹಳ. ಒತ್ತಿದರೆ ಒಂದು ಫಾರ್ಮ್ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ಸೈಜ್ ಎಂಬ ಸಾಲು ನೋಡಿ. 'ಗ್ರೇಟರ್ ದ್ಯಾನ್' ಅಂತ ಇರಲಿ, ಪಕ್ಕದ ಖಾನೆಯಲ್ಲಿ 20 ಬರೆಯಿರಿ, ಅಳತೆ ಎಂಬಿ ಇರಲಿ. ಸರ್ಚ್ ಒತ್ತಿ.

ಕೀಲಿಮಣೆಯೇ ಸಲೀಸು ಅನ್ನುವವರು ಹುಡುಕುವ ಪೆಟ್ಟಿಗೆಯಲ್ಲೇ ಇಂಗ್ಲಿಷ್ ಅಕ್ಷರದಲ್ಲಿ 'ಲಾರ್ಜರ್' ಎಂದು ಬರೆದು, ಜಾಗ ಬಿಡದೆ ಕೋಲನ್ ಹಾಕಿ, ಅದಕ್ಕೆ ಅಂಟಿದಂತೆ 20 ಮತ್ತು 'ಎಂ' ಅಕ್ಷರ ಬರೆಯಬಹುದು. ಕೋಲನ್ ಆದಮೇಲೆ ಜಾಗ ಬಿಟ್ಟರೆ ಕೆಲಸ ಕೆಡುತ್ತದೆ. ನಾನು ಬಳಸುವುದು ಇದನ್ನೇ.

ಬಂದ ಪಟ್ಟಿಯಲ್ಲಿ ಒಂದು ವಿಶೇಷ ಗಮನಿಸಿ. ಇನ್‌ಬಾಕ್ಸ್‌ನವು ಮಾತ್ರವಲ್ಲ, ಆರ್ಕೈವ್ ಆದವು, ನೀವೇ ಕಳಿಸಿದವು ಎಲ್ಲವೂ ಇಲ್ಲಿರುತ್ತವೆ. ಕಳಿಸಿದ ಮೇಲ್‌ಗಳೇ ಎಷ್ಟೋ ಸಲ ನಿಜವಾದ ಕಳ್ಳರು. ಇನ್‌ಬಾಕ್ಸ್ ಗುಡಿಸಿ ಒರೆಸಿ ಇಟ್ಟುಕೊಂಡು ಸೆಂಟ್ ಕಡೆ ತಿರುಗಿಯೂ ನೋಡದವರನ್ನು ಬಹಳ ಕಂಡಿದ್ದೇನೆ. ಒಂದೇ ಫೈಲನ್ನು ಆರು ಜನಕ್ಕೆ ಬೇರೆಬೇರೆಯಾಗಿ ಕಳಿಸಿದರೆ ನಿಮ್ಮ ಖಾತೆಯಲ್ಲಿ ಅದರ ಆರು ಪ್ರತಿ ಕೂರುತ್ತವೆ. ಆರೂ ಜನರ ವಿಳಾಸ ಹಾಕಿ ಒಂದೇ ಮೇಲ್ ಕಳಿಸಿದ್ದರೆ ಒಂದೇ ಪ್ರತಿ.

20ರ ಪಟ್ಟಿ ಮುಗಿಸಿ, 10 ಹಾಕಿ ಹುಡುಕಿ. ಆಮೇಲೆ 5. ಅದಕ್ಕಿಂತ ಕೆಳಗೆ ಇಳಿಯುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಈ ಪಟ್ಟಿಗಳನ್ನು ಮಾತ್ರ ಕಣ್ಣಿಟ್ಟು ನೋಡಲೇಬೇಕು. ದೊಡ್ಡ ಮೇಲ್ ಅಂದರೆ ಬೇಡದ ಮೇಲ್ ಅಂತ ಅಲ್ಲವಲ್ಲ. ಸ್ಕ್ಯಾನ್ ಮಾಡಿಸಿದ ದಾಖಲೆ, ಮಗುವಿನ ಮೊದಲ ವಿಡಿಯೊ ಎಲ್ಲ ಇಲ್ಲೇ ಸಿಗುತ್ತವೆ. ಬೇಕಾದ್ದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಪೆನ್‌ಡ್ರೈವ್‌ಗೋ ಹಾರ್ಡ್‌ಡಿಸ್ಕ್‌ಗೋ ಹಾಕಿಡಿ. ಅಟ್ಯಾಚ್‌ಮೆಂಟ್ ಮೇಲೆ 'ಆ್ಯಡ್ ಟು ಡ್ರೈವ್' ಅಂತ ಇನ್ನೊಂದು ಗುಂಡಿ ಕರೆಯುತ್ತದೆ, ಅದನ್ನು ಒತ್ತಬೇಡಿ. ಡ್ರೈವ್ ಇರುವುದೂ ಅದೇ 15 ಜಿಬಿಯಲ್ಲಿ. ಈ ಜೇಬಿನಿಂದ ತೆಗೆದು ಆ ಜೇಬಿಗೆ ಹಾಕಿಕೊಂಡಂತೆ.

ಮೇಲ್‌ನ ಮಾತು ಇರಲಿ, ಅಟ್ಯಾಚ್‌ಮೆಂಟ್ ಮಾತ್ರ ಹೋಗಲಿ ಅಂದರೆ? ಜಿಮೇಲ್‌ನಲ್ಲಿ ಅದಕ್ಕೆ ನೇರ ದಾರಿಯಿಲ್ಲ. ಆ ಮೇಲನ್ನು ನಿಮಗೇ ಫಾರ್ವರ್ಡ್ ಮಾಡಿಕೊಳ್ಳಿ, ಕಳಿಸುವ ಮುಂಚೆ ಅಟ್ಯಾಚ್‌ಮೆಂಟ್ ಪಕ್ಕದ ಗುಣಾಕಾರ ಚಿಹ್ನೆ ಒತ್ತಿ ಅದನ್ನು ತೆಗೆಯಿರಿ. ಆಮೇಲೆ ಮೂಲ ಮೇಲ್ ಅಳಿಸಿ. ಸ್ವಲ್ಪ ಸುತ್ತುಬಳಸು, ಆದರೆ ಪಕ್ಕಾ.

ಇನ್ನೊಂದು. 25 ಎಂಬಿ ಮೀರಿದ ಫೈಲನ್ನು ಜಿಮೇಲ್ ಅಂಟಿಸುವುದಿಲ್ಲ. ಡ್ರೈವ್‌ಗೆ ಹಾಕಿ ಲಿಂಕ್ ಕಳಿಸುತ್ತದೆ. ಅಂಥ ಮೇಲ್ ಅಳಿಸಿದರೆ ಜಾಗ ಉಳಿಯದು, ಫೈಲ್ ಡ್ರೈವ್‌ನಲ್ಲಿ ಹಾಗೇ ಇರುತ್ತದೆ. ಅಲ್ಲಿ ಅಳಿಸಿದರೆ ಕಳಿಸಿಕೊಂಡವರ ಲಿಂಕೂ ಸಾಯುತ್ತದೆ, ನೆನಪಿರಲಿ.

ಐವತ್ತರ ಬಲೆ

ದೊಡ್ಡವು ಮುಗಿದವು. ಈಗ ಸಣ್ಣವನ್ನು ರಾಶಿಯಾಗಿ ಗುಡಿಸುವ ಸರದಿ. ಜಾಹೀರಾತು ಮೇಲ್‌ಗಳು ಬೀಳುವ ಪ್ರಮೋಶನ್ಸ್ ಟ್ಯಾಬ್ ತೆರೆಯಿರಿ, ಇಲ್ಲವೇ ಸದಾ ಕಾಡುವ ಒಬ್ಬ ಕಳಿಸುವವನ ವಿಳಾಸ ಹಾಕಿ ಹುಡುಕಿ. ಪಟ್ಟಿಯ ಮೇಲಿನ ಎಡಮೂಲೆಯ ಚೌಕಕ್ಕೆ ಟಿಕ್ ಹಾಕಿ.

ಎಲ್ಲವೂ ಆಯ್ಕೆಯಾಯಿತು ಅಂದುಕೊಳ್ಳುತ್ತೀರಿ. ಆಗಿರುವುದಿಲ್ಲ. ಒಂದು ಪುಟಕ್ಕೆ ಸಾಮಾನ್ಯವಾಗಿ 50 ಮೇಲ್, ಟಿಕ್ ಬಿದ್ದದ್ದು ಆ 50ಕ್ಕೆ ಮಾತ್ರ. ಇದು ಗೊತ್ತಿಲ್ಲದೆ ಐವತ್ತೈವತ್ತರಂತೆ ಅಳಿಸುತ್ತಾ ಸಂಜೆ ಮಾಡಿದವರಿದ್ದಾರೆ. ಟಿಕ್ ಹಾಕಿದ ಕೂಡಲೇ ಪಟ್ಟಿಯ ತಲೆಯ ಮೇಲೆ ತೆಳ್ಳಗೆ ಒಂದು ಸಾಲು ಬರುತ್ತದೆ: ಈ ಪುಟದ 50 ಆಯ್ಕೆಯಾಗಿವೆ ಅಂತ. ಅದರ ಬಾಲದಲ್ಲೇ ನೀಲಿ ಅಕ್ಷರದಲ್ಲಿ 'ಸೆಲೆಕ್ಟ್ ಆಲ್' ಎಂದು ಶುರುವಾಗುವ ಇನ್ನೊಂದು ಮಾತಿದೆ. ಒತ್ತಬೇಕಾದ್ದು ಅದನ್ನು. ಆಗ ಹುಡುಕಾಟಕ್ಕೆ ಸಿಕ್ಕ ಎಲ್ಲವೂ, ಸಾವಿರಗಟ್ಟಲೆ ಇದ್ದರೂ, ಒಟ್ಟಿಗೆ ಆಯ್ಕೆಯಾಗುತ್ತವೆ. ಆಮೇಲೆ ಕಸದ ಬುಟ್ಟಿ ಚಿತ್ರ ಒತ್ತಿ. ಅದೇ ಸಾಲಿನಲ್ಲಿರುವ, ಕೆಳಬಾಣದ ಪೆಟ್ಟಿಗೆ ಚಿತ್ರ ಅಲ್ಲ, ಅದು ಆರ್ಕೈವ್. 'ನಿಜವಾಗಿಯೂ?' ಅಂತ ಒಮ್ಮೆ ಕೇಳುತ್ತದೆ. ಅಲ್ಲಿ ಒಂದು ಗಳಿಗೆ ತಡೆಯಿರಿ, ಹುಡುಕುವ ಪೆಟ್ಟಿಗೆಯಲ್ಲಿ ಏನಿದೆ ಮತ್ತೊಮ್ಮೆ ಓದಿ, ಆಮೇಲೆ ಓಕೆ.

ಮೇಲ್‌ಗಳು ಬಹಳ ಇದ್ದರೆ ಇದಕ್ಕೆ ಹೊತ್ತು ಹಿಡಿಯುತ್ತದೆ. ಟ್ಯಾಬ್ ಮುಚ್ಚಬೇಡಿ.

ಲೇಬಲ್ ಅಳಿಸಿದರೆ ಅದರೊಳಗಿನ ಮೇಲ್ ಎಲ್ಲ ಹೋಗುತ್ತದೆ ಅಂತ ಕೆಲವರು ನಂಬಿದ್ದಾರೆ. ಇಲ್ಲ. ಲೇಬಲ್ ಫೋಲ್ಡರ್ ಅಲ್ಲ, ಮೇಲ್‌ಗೆ ಅಂಟಿಸಿದ ಚೀಟಿ. ಚೀಟಿ ಕಿತ್ತರೆ ಚೀಟಿ ಮಾತ್ರ ಹೋಗುತ್ತದೆ.

ಬಿನ್ ಖಾಲಿ, ಆದರೆ ಇವತ್ತಲ್ಲ

ಅಳಿಸಿದ್ದೆಲ್ಲ ಬಿನ್‌ನಲ್ಲಿ 30 ದಿನ ಇರುತ್ತದೆ. ಅಲ್ಲಿರುವಷ್ಟು ದಿನವೂ ಜಾಗ ಹಿಡಿದೇ ಇರುತ್ತದೆ. ತುರ್ತಿಲ್ಲದಿದ್ದರೆ ಎರಡು ದಿನ ಬಿಡಿ. 'ಅಯ್ಯೋ, ಅದೆಲ್ಲಿ ಹೋಯ್ತು?' ಅನ್ನುವ ಮೇಲ್ ಒಂದಾದರೂ ಆ ಎರಡು ದಿನದಲ್ಲಿ ನೆನಪಿಗೆ ಬರುತ್ತದೆ. ಆಮೇಲೆ ಬಿನ್ ತೆರೆದು ಮೇಲಿನ 'ಎಂಪ್ಟಿ ಬಿನ್ ನೌ' ಒತ್ತಿ. ಸ್ಪ್ಯಾಮ್‌ಗೂ ಅದೇ ಮಾಡಿ. ಕೆಂಪು ಗೆರೆ ತಕ್ಷಣ ಇಳಿಯದಿದ್ದರೆ ಗಾಬರಿ ಬೇಡ, ಲೆಕ್ಕ ಸರಿಯಾಗಲು ಒಂದು ದಿನ ಹಿಡಿಯಬಹುದು.

ಇದನ್ನೆಲ್ಲ ಒಂದೇ ಒತ್ತಿನಲ್ಲಿ ಮಾಡಿಕೊಡುತ್ತೇವೆ ಅನ್ನುವ ಉಚಿತ ಆಪ್‌ಗಳು ಬೇಕಾದಷ್ಟಿವೆ. ನನ್ನ ಮಾತು ಕೇಳಿ, ಅವುಗಳ ಹತ್ತಿರ ಸುಳಿಯಬೇಡಿ. ಅವು ಮೊದಲು ಕೇಳುವುದೇ ನಿಮ್ಮ ಎಲ್ಲ ಮೇಲ್ ಓದುವ ಅನುಮತಿ. ಬೇಡದ ಚಂದಾ ಮೇಲ್‌ಗಳನ್ನು ನಿಲ್ಲಿಸಿಕೊಡುತ್ತಿದ್ದ ಅಂಥದ್ದೇ ಒಂದು ಸೇವೆಯ ಹಿಂದಿದ್ದ ಕಂಪನಿ ಜನರ ಮೇಲ್‌ಗೆ ಬಂದ ರಸೀದಿಗಳ ಮಾಹಿತಿಯನ್ನು ಹೆಸರು ತೆಗೆದು ಮಾರುತ್ತಿದ್ದದ್ದು 2017ರಲ್ಲಿ ಬಯಲಾಯಿತು. ಗೂಗಲ್ಲೂ ಜಾಹೀರಾತು ತೋರಿಸಲು ನಮ್ಮ ಮೇಲ್‌ಗಳ ಮೇಲೆ ಯಂತ್ರದ ಕಣ್ಣಾಡಿಸುತ್ತಿತ್ತು. ಅದನ್ನು ನಿಲ್ಲಿಸುತ್ತೇವೆ ಅಂದದ್ದೂ ಅದೇ ವರ್ಷ. ಇರುವ ಒಬ್ಬರೇ ಸಾಕು, ಇನ್ನೊಬ್ಬರನ್ನು ಯಾಕೆ ಕರೆಯುವುದು?

ಇನ್ನು ಮುಂದೆ ತುಂಬದಂತೆ: ಬೇಡದ ಚಂದಾ ಮೇಲ್ ತೆರೆದು, ಕಳಿಸಿದವರ ಹೆಸರಿನ ಪಕ್ಕದ ಅನ್‌ಸಬ್‌ಸ್ಕ್ರೈಬ್ ಒತ್ತಿ. ಗುರುತಿಲ್ಲದವರ ಮೇಲ್ ಆದರೆ ಒಳಗಿನ ಲಿಂಕ್ ಮುಟ್ಟದೆ ಸ್ಪ್ಯಾಮ್‌ಗೆ ತಳ್ಳಿ.

ಚಿಕ್ಕಪ್ಪನ ಖಾತೆಯಲ್ಲಿ 20 ಎಂಬಿ ಅಂತ ಹುಡುಕಿದಾಗ ಪಟ್ಟಿಯಲ್ಲಿ ಮೇಲೆ ಬಂದದ್ದು ಒಂದೇ ಹಳೆಯ ಆಲ್ಬಮ್‌ನ ಸ್ಕ್ಯಾನ್. ಅವರೇ ಕಳಿಸಿದ್ದು, ಹದಿಮೂರು ಜನಕ್ಕೆ, ಹದಿಮೂರು ಮೇಲ್. "ಎಲ್ಲಾ ಅಳಿಸಲಾ ಚಿಕ್ಕಪ್ಪ?" ಅಂದೆ. ಕನ್ನಡಕ ಏರಿಸಿಕೊಂಡು ಮೊದಲನೆಯದನ್ನು ತೆರೆಸಿದರು. ಮೂರನೇ ಪುಟದಲ್ಲಿ ಸುಮಾರು ಹೊತ್ತು ನಿಂತರು.

"ತಡಿ. ಒಂದು ಪ್ರತಿ ಪೆನ್‌ಡ್ರೈವ್‌ಗೆ ಹಾಕು ಮೊದಲು."