ಕರಿಮದ್ದಿನ ತೋಟಾ ಕೋವಿ: ಹೊಡೆದ ದಿನವೇ ತೊಳೆಯಿರಿ

ಕರಿಮದ್ದು ಹೊಡೆದ ಕೋವಿಯನ್ನು ತೊಳೆಯದೆ ರಾತ್ರಿ ಇಡಬೇಡಿ. ನಮ್ಮ ಚಿತ್ರದುರ್ಗದ ಹವೆ ಒಣ, ಒಂದು ದಿನ ಬಿಟ್ಟರೆ ಏನಾಗುತ್ತೆ ಅನ್ನಿಸಬಹುದು. ಆದರೆ ಮೋಡ ಮುಚ್ಚಿ ಜಿಟಿಜಿಟಿ ಹಿಡಿದಾಗ ಇಲ್ಲೂ ಉಪ್ಪಿನ ಡಬ್ಬಿ ನೀರೊಡೆಯುತ್ತದೆ, ಅಲ್ವಾ? ನಳಿಗೆಯ ಮಸಿಯೂ ಹಾಗೇ. ಕೋಟೆಯಲ್ಲಿ ಮದ್ದು ಬೀಸುತ್ತಿದ್ದ ದೊಡ್ಡ ಕಲ್ಲುಗಳನ್ನು ನೋಡಿರುತ್ತೀರಿ. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದರೆ ಕರಿಮದ್ದು. ಉರಿದ ಮೇಲೆ ಅದರ ತೂಕದ ಅರ್ಧಕ್ಕಿಂತ ಜಾಸ್ತಿ ಗಟ್ಟಿಯಾಗಿ ಉಳಿಯುತ್ತದೆ, ಅದರಲ್ಲಿ ಪೊಟ್ಯಾಸಿಯಂ ಲವಣಗಳೇ ಹೆಚ್ಚು, ಅವು ಗಾಳಿಯ ತೇವ ಎಳೆದುಕೊಂಡು ಕಬ್ಬಿಣ ತಿನ್ನುತ್ತವೆ.

ಲೈಸೆನ್ಸ್ ಇರಬೇಕು, ಅನುಮತಿ ಇರುವ ರೇಂಜ್‌ನಲ್ಲೇ ಹೊಡೆಯಬೇಕು. 1871ರಲ್ಲಿ ಬ್ರಿಟಿಷ್ ಸೇನೆಗೆ ಬಂದ ಮಾರ್ಟಿನಿ-ಹೆನ್ರಿಯಂಥ ಹಳೇ ರೈಫಲ್‌ಗೆ ಈಗಿನ ಹೊಗೆಯಿಲ್ಲದ ಮದ್ದನ್ನು ಯಾವತ್ತೂ ಹಾಕಬೇಡಿ. ನಳಿಗೆ ಸೀಳಬಹುದು. ಕುದುರೆ (ಟ್ರಿಗರ್) ಎಳೆದರೂ ಗುಂಡು ಹಾರದಿದ್ದರೆ ಗುರಿಯತ್ತಲೇ ಹಿಡಿದು ಅರ್ಧ ನಿಮಿಷವಾದರೂ ಕಾಯಿರಿ, ಆಮೇಲೆ ತೆರೆಯಿರಿ.

ನಾಲ್ಕಾರು ಗುಂಡಿಗೆ ಮಸಿ ಗಟ್ಟಿ ಕಟ್ಟಿ ಗುರಿ ಚದುರುತ್ತದೆ. ಅದಕ್ಕೇ ಕೋವಿ ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು ನಡುನಡುವೆ ಒದ್ದೆ ಬಟ್ಟೆ ತುಂಡು ಓಡಿಸಿ, ಹಿಂದೆಯೇ ಒಣಗಿದ್ದೊಂದು.

ಮನೆಗೆ ಬಂದ ಮೇಲೆ ಮೊದಲು ಎಣ್ಣೆ ಡಬ್ಬಿಗೆ ಕೈ ಹಾಕಬೇಡಿ. ಲವಣ ಕರಗುವುದು ನೀರಿಗೆ, ಎಣ್ಣೆಗಲ್ಲ. ಮಸಿಯ ಮೇಲೆ ಪೆಟ್ರೋಲಿಯಂ ಎಣ್ಣೆ ಹಾಕಿದರೆ ಡಾಂಬರಿನಂತೆ ಅಂಟಿಕೊಳ್ಳುತ್ತದೆ. ಬಿಸಿನೀರಿಗೆ ಸ್ವಲ್ಪ ಸೋಪು ಕದಡಿ, ಹತ್ತಿ ಬಟ್ಟೆ ಅದ್ದಿ, ಗಜದಿಂದ (ನಳಿಗೆ ತೊಳೆಯುವ ಉದ್ದನೆ ಕಡ್ಡಿ) ತಳ್ಳಿ. ಹಿಂದಿನಿಂದ ಗಜ ಹೋಗುವಂತಿದ್ದರೆ ಹಿಂದಿನಿಂದಲೇ ಹಾಕಿ. ಮಾರ್ಟಿನಿಯಲ್ಲಿ ಬಾಯಿಯಿಂದಲೇ ಹಾಕಬೇಕಾಗುತ್ತದೆ, ಆಗ ಗಜ ನಳಿಗೆಯ ಬಾಯಂಚಿಗೆ ಉಜ್ಜದಂತೆ ನೋಡಿಕೊಳ್ಳಿ, ಒಳಗಿನ ಯಂತ್ರಕ್ಕೆ ಕೊಳೆನೀರು ಇಳಿಯದಂತೆ ಹಿಂದುಗಡೆ ಬಟ್ಟೆ ತುರುಕಿ. ಮೊದಲ ತುಂಡು ಕಾಡಿಗೆಯಷ್ಟು ಕಪ್ಪಾಗಿ, ಕೊಳೆತ ಮೊಟ್ಟೆ ನಾತ ಹೊತ್ತು ಬರುತ್ತದೆ. ಅದು ಗಂಧಕದಿಂದಾದ ಸಂಯುಕ್ತಗಳ ನಾತ. ಬಟ್ಟೆ ಬೆಳ್ಳಗೆ ಬರುವ ತನಕ ಬಿಡಬೇಡಿ. ಆಮೇಲೆ ಚೆನ್ನಾಗಿ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ.

ಖಾಲಿ ಹಿತ್ತಾಳೆ ತೋಟಾಗಳನ್ನು ಜನ ಮರೆತೇಬಿಡುತ್ತಾರೆ. ಅವನ್ನೂ ಅವತ್ತೇ ಸೋಪು ನೀರಿಗೆ ಹಾಕಿ, ತೊಳೆದು ಒಣಗಿಸಿ, ಇಲ್ಲವಾದರೆ ಹಸಿರು ಕಿಲುಬು ಹಿಡಿಯುತ್ತದೆ.

ಮಾರನೇ ದಿನ ಇನ್ನೊಂದು ಬಿಳಿ ಬಟ್ಟೆ ಓಡಿಸಿ ನೋಡಿ. ಕಂದು ಬಣ್ಣ ಕಂಡರೆ ಮತ್ತೆ ನೀರಿನಿಂದಲೇ ಶುರು ಮಾಡಿ. ಮುಂದಿನ ಸಲ ಹೊಡೆಯುವ ಮುಂಚೆ ಒಳಗಿನ ಎಣ್ಣೆಯನ್ನು ಒಣ ಬಟ್ಟೆಯಿಂದ ಒರೆಸಿಬಿಡಿ.