‘ವಿವೇಚನೆ’ ಎಂಬ ಪದವನ್ನು ಅರ್ಜಿ, ಠರಾವುಗಳಲ್ಲಿ ಬಳಸುವ ಬಗೆ

ಹುಬ್ಬಳ್ಳಿ-ಧಾರವಾಡದ ಆಡುಮಾತಿನಲ್ಲಿ ‘ವಿವೇಚನೆ’ ಕೇಳಿಬರುವುದು ಅಪರೂಪ. ಹೊಲ ಕೊಳ್ಳುವುದಿರಲಿ, ಮಗಳಿಗೆ ವರ ನೋಡುವುದಿರಲಿ, ‘ವಿಚಾರ ಮಾಡಿ ಹೇಳ್ತೀನ್ರಿ’ ಎಂದರೆ ಸಾಕು. ಅರ್ಜಿ, ಠರಾವು, ನೋಟಿಸು ಬರೆಯಲು ಕುಳಿತಾಗ ಈ ಪದ ಬೇಕಾಗುತ್ತದೆ. ಅದು ‘ಪರಿಶೀಲನೆ’, ‘ವಿವೇಕ’ಗಳೊಡನೆ ಕಲಸಿಹೋಗುವುದೂ ಆಗಲೇ.

ಸಂಸ್ಕೃತದ ‘ವಿಚ್’ ಧಾತುವಿಗೆ ಬೇರ್ಪಡಿಸು ಎಂದರ್ಥ. ಮೊರದಲ್ಲಿ ಜೋಳ ಹಸನು ಮಾಡುವವರು ಕಾಳು, ಹೊಟ್ಟು, ಹರಳುಗಳನ್ನು ಬೇರೆಬೇರೆ ಮಾಡುವಂತೆ, ಒಂದು ವಿಷಯದ ಸರಿತಪ್ಪುಗಳನ್ನು ಬಿಡಿಸಿ ನೋಡಿ ತೀರ್ಮಾನಕ್ಕೆ ಬರುವ ಕ್ರಿಯೆಯೇ ವಿವೇಚನೆ. ಅದೇ ಧಾತುವಿನಿಂದ ಬಂದ ‘ವಿವೇಕ’ ಮನುಷ್ಯನ ಗುಣವನ್ನು ಹೇಳುತ್ತದೆ. ವಿವೇಕ ಇರುವಂಥದ್ದು, ವಿವೇಚನೆ ಮಾಡುವಂಥದ್ದು.

ಬರೆಯುವ ಮುನ್ನ, ನಿರ್ಧರಿಸುವವರ ಮುಂದೆ ಆಯ್ಕೆ ಇದೆಯೇ ಎಂದು ಕೇಳಿಕೊಳ್ಳಬೇಕು. ಸಮುದಾಯ ಭವನವೊಂದರ ನಿಯಮಾವಳಿಯಲ್ಲಿ ಬಾಡಿಗೆಯ ಮೊತ್ತ ನಿಗದಿಯಾಗಿದ್ದರೆ ಅಲ್ಲಿ ವಿವೇಚನೆಗೆ ಎಡೆಯಿಲ್ಲ. ಬಡ ಕುಟುಂಬದ ಮದುವೆಗೆ ರಿಯಾಯಿತಿ ಕೊಡಬಹುದು ಎಂದಷ್ಟೇ ಇದ್ದರೆ, ‘ರಿಯಾಯಿತಿಯ ಪ್ರಮಾಣವನ್ನು ಸಮಿತಿಯ ವಿವೇಚನೆಗೆ ಬಿಡಲಾಗಿದೆ’ ಎಂದು ಬರೆಯುವುದು ಸರಿ. ಅರ್ಜಿಯ ಜೊತೆ ಲಗ್ನಪತ್ರಿಕೆ, ರೇಶನ್ ಕಾರ್ಡಿನ ಪ್ರತಿ ಇವೆಯೇ ಎಂದು ನೋಡುವ ಗುಮಾಸ್ತ ಮಾಡುವುದು ಪರಿಶೀಲನೆ. ಎಷ್ಟೋ ಕಚೇರಿಗಳ ಉತ್ತರಗಳಲ್ಲಿ ‘ವಿವೇಚಿಸಲಾಗುವುದು’ ಎಂಬುದು ಕಾಗದವನ್ನು ಮುಂದೂಡುವ ಸಭ್ಯ ಮಾತಾಗಿದೆ. ನೀವು ಹಾಗೆ ಬರೆಯದಿರುವುದು ಒಳ್ಳೆಯದು.

ಕಾನೂನಿನ ಭಾಷೆಯಲ್ಲಿ ಪದದ ಬಿಗಿ ಇನ್ನೂ ಹೆಚ್ಚು. ರಾಜ್ಯಪಾಲರು ಸಾಮಾನ್ಯವಾಗಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕೆನ್ನುವ ಸಂವಿಧಾನದ 163ನೇ ವಿಧಿಯೇ, ಅವರು ಸ್ವಂತ ವಿವೇಚನೆ ಬಳಸಬೇಕಾದ ಸಂದರ್ಭಗಳನ್ನು ಹೊರತುಪಡಿಸುತ್ತದೆ. ಧಾರವಾಡದ ಹೈಕೋರ್ಟ್ ಪೀಠವೂ ಸೇರಿದಂತೆ ಯಾವುದೇ ನ್ಯಾಯಾಲಯದ ಸುದ್ದಿ ಬರೆಯುವಾಗ, ‘ಜಾಮೀನು ನೀಡುವುದು ನ್ಯಾಯಾಧೀಶರ ಇಚ್ಛೆ’ ಎನ್ನಬಾರದು. ಇಚ್ಛೆಗೆ ಕಾರಣ ಕೊಡಬೇಕಿಲ್ಲ, ವಿವೇಚನೆಗೆ ಕಾರಣ ಬೇಕು. ನಿಮ್ಮ ಠರಾವಿನಲ್ಲೂ ‘ವಿವೇಚಿಸಿ’ ಎಂದು ಬರೆದ ಮೇಲೆ ಯಾವುದನ್ನು ನೋಡಿ ಎಂಬುದನ್ನು ಒಂದು ಸಾಲಿನಲ್ಲಾದರೂ ಹೇಳಿ.

ಸಮಾಸದಲ್ಲಿ ‘ವಿವೇಚನೆ’ಯು ‘ವಿವೇಚನಾ’ ಆಗುತ್ತದೆ: ವಿವೇಚನಾಧಿಕಾರ, ವಿವೇಚನಾಶೀಲ, ವಿವೇಚನಾರಹಿತ. ಇವುಗಳನ್ನು ಬಿಡಿಸದೆ ಒಂದೇ ಪದವಾಗಿ ಬರೆಯಬೇಕು.